ದೇವರಕೆರೆ ದಾರಿಯ ಮೂರು ಒಗಟು

“ಕೇಳ್ರಪ್ಪೋ ಕೇಳಿ! ಹಿರಿಯಗಡದ ರಾಣಿ ಹೊನ್ನಾದೇವಿಯವರ ಅಪ್ಪಣೆ! ಬಡಗಣ ಬಾಗಿಲಿಂದ ದೇವರಕೆರೆಗೆ ಹೋಗಿ ಬರುವ ಒಂದು ಹಗಲಿನ ದಾರಿಯಲ್ಲಿ ಮೂರು ಒಗಟುಗಳ ಉತ್ತರ ಇದೆ. ಹೊತ್ತು ಹುಟ್ಟಿದ ಮೇಲೆ ಹೊರಟು, ಮುಳುಗುವುದರೊಳಗೆ ಬಂದು ಬಿಡಿಸಿದವರಿಗೆ ಮಂತ್ರಿಯ ಮುದ್ರೆಯುಂಗುರ. ತಪ್ಪಿದವರಿಗೆ ಅಮಾವಾಸ್ಯೆಯ ದಿನ ಶೂಲ!”

ಈ ಡಂಗುರ ಸಾರಿ ಹದಿನೈದು ದಿನವಾಗುವಷ್ಟರಲ್ಲಿ ಆರು ಮಂದಿ ಸೆರೆಮನೆ ಸೇರಿದ್ದರು. ಆರನೆಯವನು ದ್ಯಾವ, ಪೊರಕೆಹುಲ್ಲು ಮಾರುವ ಬೊಮ್ಮಿಯ ಅಣ್ಣ. ಚಿಕ್ಕಂದಿನಿಂದ ತಂಗಿಯ ಜೊತೆ ಹುಲ್ಲು ಹೊತ್ತವನು ಅರಮನೆಯ ಲಾಯದಲ್ಲಿ ಕೆಲಸ ಸಿಕ್ಕಿದ್ದೇ ತಡ, ನಡೆಯುವುದನ್ನೇ ಮರೆತುಬಿಟ್ಟಿದ್ದ. ಪುಣ್ಯಾತ್ಮ ಕುದುರೆ ಹತ್ತಿ ಹೋಗಿ, ಊಟದ ಹೊತ್ತಿಗೆಲ್ಲ ವಾಪಸು ಬಂದು, ನಿಂತಲ್ಲೇ ನಿಂತು ಭಾರ ಹೊರುವುದು ಯಾವುದು ಎಂದರೆ ಕತ್ತೆ ಎಂದಿದ್ದ!

ನಾಳೆಯೇ ಅಮಾವಾಸ್ಯೆ. ಯಾರಾದರೂ ಇವತ್ತು ಒಗಟು ಬಿಡಿಸಿದರೆ ಸೆರೆಯವರನ್ನು ಉಳಿಸುವ ಅಧಿಕಾರ ಹೊಸ ಮಂತ್ರಿಯದು. ಬೊಮ್ಮಿ ಬೆಳಗ್ಗೆಯೇ ಕೋಟೆಬಾಗಿಲಲ್ಲಿ ನಿಂತಳು. ಪಕ್ಕದಲ್ಲಿ ಕುದುರೆಯ ಮೇಲೆ ದಳವಾಯಿಯ ಮಗ, ಪಲ್ಲಕ್ಕಿಯಲ್ಲಿ ಒಬ್ಬ ಪಂಡಿತ.

ರಾಣಿ ಒಗಟು ಹೇಳಿದಳು: “ಮೊದಲನೆಯದು ಒಂದು ಹೆಜ್ಜೆಯನ್ನೂ ಇಡುವುದಿಲ್ಲ, ಆದರೂ ದಿನವೂ ಯಾರು ಯಾರದೋ ಭಾರ ಹೊರುತ್ತದೆ. ಎರಡನೆಯದಕ್ಕೆ ಬೇರಿಲ್ಲ, ನೀರು ಬೇಡ. ಒಬ್ಬರನ್ನೊಬ್ಬರು ಕಾಣದವರೆಲ್ಲ ಸೇರಿ ಅದನ್ನು ಬೆಳೆಸುತ್ತಾರೆ. ಮೂರನೆಯದು ತುಳಿದರೆ ಬದುಕುತ್ತದೆ, ತುಳಿಯದೆ ಬಿಟ್ಟರೆ ಸಾಯುತ್ತದೆ.”

ಬೊಮ್ಮಿ ಬಿರಬಿರನೆ ನಡೆದಳು. ತಂಗಡಿ, ಬಂದರಿಕೆ ಗಿಡಗಳ ಕುರುಚಲು ಬಯಲು ದಾಟಿದಳು, ಗುಡ್ಡದ ಕಣಿವೆದಾರಿ ಏರಿದಳು, ಮುತ್ತುಗದ ಕಾಡು ಹೊಕ್ಕಳು. ಕಲ್ಲು, ಮರ, ಹುತ್ತ, ಒಂದನ್ನೂ ಬಿಡದೆ ನೋಡಿದಳು. ಕೆರೆ ಬಂದರೂ ಒಂದು ಉತ್ತರವೂ ಹೊಳೆಯಲಿಲ್ಲ. ಏರಿಯ ಮೇಲೆ ಕುಳಿತು ಅತ್ತಳು. ಅತ್ತು ಮುಗಿದ ಮೇಲೆ ತಲೆ ಮುಟ್ಟಿ ನೋಡಿಕೊಂಡಳು. ಈ ದಾರಿಯಲ್ಲಿ ಅವಳು ಎಂದೂ ಬರಿದಲೆಯಲ್ಲಿ ಮನೆಗೆ ಹಿಂದಿರುಗಿರಲಿಲ್ಲ.

“ಹೊರೆ ಇಲ್ದೆ ನಂಗೆ ಈ ದಾರಿ ಗೊತ್ತೇ ಇಲ್ಲ” ಎಂದುಕೊಂಡು ಸೊಂಟದ ಕುಡುಗೋಲು ತೆಗೆದಳು. ಹುಲ್ಲು ಕೊಯ್ದು ಹೊರೆ ಕಟ್ಟಿ, ಸೆರಗನ್ನು ಸಿಂಬೆ ಸುತ್ತಿ ತಲೆಗಿಟ್ಟು ಹೊತ್ತುಕೊಂಡಳು. ಹೊತ್ತು ಆಗಲೇ ಇಳಿಮುಖವಾಗಿತ್ತು. ಹೊರೆ ಎಸೆದು ಓಡು ಎಂದು ಜೀವ ಹೇಳುತ್ತಿತ್ತು. ಅವಳು ಎಸೆಯಲಿಲ್ಲ.

ಕಾಡಿನಂಚಿನಲ್ಲಿ ಕತ್ತು ನೋಯತೊಡಗಿದಾಗ ಕಾಲು ತಾನಾಗಿ ಒಂದು ಕಡೆ ತಿರುಗಿತು. ಅಲ್ಲಿ ಭಾರ ಇಳಿಸಿ ಉಸಿರು ಬಿಟ್ಟವಳು ಗಟ್ಟಿಯಾಗಿ ನಕ್ಕುಬಿಟ್ಟಳು. ಕಣಿವೆಯ ನೆತ್ತಿಯಲ್ಲಿ ರೂಢಿಯಂತೆ ಕಾಲ್ಬೆರಳಿಂದ ಒಂದು ಕಲ್ಲು ಎತ್ತಿದಾಗ ಎರಡನೆಯದೂ ಸಿಕ್ಕಿತು. ಬಯಲಿನಲ್ಲಿ ಆತುರಪಟ್ಟು, ಹತ್ತಿರವಾದೀತೆಂದು ಜನ ಬಿಟ್ಟುಹೋದ ಹಳೇಹಟ್ಟಿಯ ದಾರಿಗೆ ಕಾಲಿಟ್ಟಳು. ಹತ್ತು ಹೆಜ್ಜೆಗೆಲ್ಲ ಕಾರೆಮುಳ್ಳು ಪಾದಕ್ಕೆ ನೆಟ್ಟಿತು. ನೋವಿಗೆ ಕೂಗಿದವಳು ಹಾಗೇ ನಿಂತು ನೆಲ ನೋಡಿದಳು. ಮೂರನೆಯದೂ ಸಿಕ್ಕಿತ್ತು.

ಕೋಟೆಬಾಗಿಲು ಮುಟ್ಟಿದಾಗ ಸೂರ್ಯ ಗುಡ್ಡದ ನೆತ್ತಿಯಲ್ಲಿದ್ದ. ದಳವಾಯಿಯ ಮಗ ಮೊದಲ ಒಗಟಿಗೆ “ಭೂಮಿ” ಎಂದ. “ಭೂಮಿ ಆ ದಾರಿಯಲ್ಲಿ ಮಾತ್ರ ಇದೆಯೇನಪ್ಪ?” ಎಂದಳು ರಾಣಿ. ಭಟರು ಅವನನ್ನು ಎಳೆದೊಯ್ದರು. ಪಂಡಿತ “ಹಕ್ಕಿಗಳ ಭಾರ ಹೊರುವ ಆಲದ ಮರ” ಎಂದು ಹೇಳಿ ಅವನ ಹಿಂದೆಯೇ ಹೋದ. ರಾಣಿ ಬೊಮ್ಮಿಯ ಕಡೆ ತಿರುಗಿದಳು.

“ಹೊರೆ ಇಳಿಸಿ ಹೇಳು, ಮಗಳೇ.”

“ಬೇಡ ತಾಯಿ, ಇದ್ರಿಂದ್ಲೇ ಗೊತ್ತಾದದ್ದು. ಮೊದಲ್ನೇದು ಹೊರೆಗಲ್ಲು. ಎರಡು ಕಂಬದ ಮೇಲೆ ಒಂದು ಚಪ್ಪಡಿ, ತಲೆಮಟ್ಟಕ್ಕೆ. ಯಾರ ಕೈನೂ ಕಾಯ್ದೆ ಹೊರೆ ಇಳಿಸ್ಬೋದು, ಮತ್ತೆ ಹೊರ್‍ಬೋದು. ಎರಡ್ನೇದು ಕಣಿವೆ ಕಲ್ಲುಗುಪ್ಪೆ. ಹೊರೆ ಹೊತ್ತು ದಾಟಿದೋರೆಲ್ಲ ‘ಇನ್ನು ಇಳಿಜಾರು’ ಅಂತ ಒಂದೊಂದು ಕಲ್ಲು ಹಾಕ್ತೀವಿ. ಮೂರ್‍ನೇದು ಕಾಲುದಾರಿ. ಹಳೇಹಟ್ಟಿ ದಾರೀಲಿ ಯಾರೂ ನಡೀಲಿಲ್ಲ, ಮುಳ್ಳು ಮುಚ್ಕೊಂಡು ಸತ್ತೋಯ್ತು.”

ರಾಣಿ ಕಿರೀಟ ತೆಗೆದು ತಲೆ ಬಗ್ಗಿಸಿದಳು. ನೆತ್ತಿಯ ಮೇಲೆ ಸಿಂಬೆ ಕೂರುವ ಜಾಗದಲ್ಲಿ ಕೂದಲು ಸವೆದುಹೋಗಿತ್ತು.

“ಈ ಊರಿಗೆ ನಾನು ಬಂದದ್ದೂ ಆ ದಾರಿಯಲ್ಲೇ, ಸೌದೆ ಹೊತ್ತುಕೊಂಡು. ಜನರ ಮೇಲೆ ಹೊರೆ ಹಾಕುವವನು ಮಂತ್ರಿ. ಹೊರೆ ಅಂದರೇನು ಅಂತ ಗೊತ್ತಿಲ್ಲದವನ ಕೈಗೆ ಮುದ್ರೆ ಹೇಗೆ ಕೊಡಲಿ?” ಎಂದು ಉಂಗುರವನ್ನು ತಾನೇ ಬೊಮ್ಮಿಯ ಬೆರಳಿಗೆ ತೊಡಿಸಿದಳು.

ಹೊಸ ಮಂತ್ರಿಯ ಮೊದಲ ಅಪ್ಪಣೆಗೆ ಕಾಯಬೇಕಾಗಲಿಲ್ಲ: “ಎಂಟೂ ಜನರನ್ನ ಬಿಡಿ. ಆದ್ರೆ ನಾಳೆ ಅವ್ರೆಲ್ಲ ದೇವರಕೆರೆಯಿಂದ ಒಂದೊಂದು ಹೊರೆ ಹೊತ್ತು ತರ್‍ಲಿ.”

ದ್ಯಾವ ತಂಗಿಯ ಮುಖ ನೋಡಲಾರದೆ ನಿಂತ. “ಕುದುರೆ ಮೇಲಿಂದ ಏನೂ ಕಾಣ್ಲಿಲ್ಲ ಕಣವ್ವ” ಎಂದ. ಬೊಮ್ಮಿಗೆ ಅವನನ್ನು ಬಾರಿಸಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ತನ್ನ ಹೊರೆಯನ್ನು ಎತ್ತಿ ಅವನ ತಲೆಗಿಟ್ಟು, “ನಡಿ ಮನೆಗೆ” ಎಂದಳು.

ಮರುದಿನ ಕಣಿವೆಯಲ್ಲಿ ಏಳು ಜನ ಏದುಸಿರು ಬಿಡುತ್ತ ಹೊರೆ ಕೆಡವಿ, ಬಗ್ಗಿ ಕಲ್ಲೆತ್ತಿ ಗುಪ್ಪೆಗೆ ಹಾಕಿದರು. ದ್ಯಾವ ಬಗ್ಗಲಿಲ್ಲ. ಹೊರೆ ಹೊತ್ತೇ ನಿಂತು ಕಾಲ್ಬೆರಳಿಂದ ಕಲ್ಲು ಎತ್ತಿದ.