ಮುತ್ತು ಕೆಡವದ ರಕ್ಕಸ

ಮಲಪ್ರಭೆಯ ದಂಡೆಯ ಮೇಲೊಂದು ಮಠ. ಅಲ್ಲಿಯ ಅಜ್ಜಾರು ಮಣ್ಣಿನ ಮೂರ್ತಿ ಮಾಡುವುದನ್ನು ಕಲಿಸುತ್ತಿದ್ದರು. ನೀಲವ್ವ ಅವರ ಶಿಷ್ಯೆ. ದೇವರಿರಲಿ, ದನವಿರಲಿ, ಒಮ್ಮೆ ಕಣ್ಣಲ್ಲಿ ತುಂಬಿಕೊಂಡರೆ ಅವಳ ಬೆರಳು ತಪ್ಪುತ್ತಿರಲಿಲ್ಲ.

ಒಂದು ದಿನ ಫಕೀರೇಶನೆಂಬವನು ಬಂದು ಅವಳ ಮುಂದೆ ಮೊಬೈಲ್ ಹಿಡಿದ. ಪರದೆಯ ಮೇಲೊಬ್ಬ ರಕ್ಕಸ. ಆನೆಯ ಮೈ, ಮೊಸಳೆಯ ಬಾಯಿ, ಬೆನ್ನ ತುಂಬ ಮುಳ್ಳು, ಕೈಯಲ್ಲಿ ಬೇರುಸಹಿತ ಕಿತ್ತ ಮರ.

“ವಿಡಿಯೋ ಗೇಮಿನ ರಕ್ಕಸ್ರಿ ಅಕ್ಕಾರ. ನಾವು ದೊಣ್ಯಾ ಅಂತಿದ್ವಿ. ಮುಷ್ಟಿಯೊಳಗ ಹಿಡಿಯೋವಷ್ಟು ಸಣ್ಣದು ಮಾಡಿಕೊಡ್ರಿ.”

“ನಾವು ಅಂದ್ರ?”

“ನಾನು, ನನ್ನ ತಮ್ಮ ಮುತ್ತು. ಇದನ್ನ ಕೆಡವಬೇಕಂತ ಭಾಳ ಒದ್ದಾಡಿದ. ಆಗಲಿಲ್ಲ. ಅಷ್ಟರಾಗ ಜ್ವರ ಬಂತು. ಹೋಗಿಬಿಟ್ಟ.”

ನೀಲವ್ವ ಕೈಯಲ್ಲಿದ್ದ ಮಣ್ಣು ಕೆಳಗಿಟ್ಟಳು.

“ಅಂವ ನಿಲ್ಲಿಸಿದಲ್ಲೇ ಆಟ ಹಂಗ ನಿಂತೈತಿ. ನನಗ ಮುಟ್ಟಾಕ ಕೈ ಬರವಲ್ದು. ನೀವು ಇದನ್ನ ಸತ್ತು ಬಿದ್ದಂಗ ಮಾಡ್ರಿ. ಅವನ ಫೋಟೋದ ಮುಂದ ಇಡ್ತೀನಿ.”

ನೀಲವ್ವ ಮಾಡಿದಳು. ರಕ್ಕಸ ಮಗ್ಗುಲಾಗಿ ಬಿದ್ದಿದ್ದ. ಕಣ್ಣು ಅರೆಮುಚ್ಚಿತ್ತು. ಮರ ಕೈಜಾರಿತ್ತು. ಬೆನ್ನಿನ ಒಂದೊಂದು ಮುಳ್ಳೂ ಚಿತ್ರದಲ್ಲಿದ್ದಂತೆಯೇ ಇತ್ತು.

ಫಕೀರೇಶ ನೋಡಿದವನೇ ಮುಖ ತಿರುವಿದ.

“ಬ್ಯಾಡ್ರಿ ಅಕ್ಕಾರ. ದವಾಖಾನ್ಯಾಗ ಅಂವ ಹಿಂಗ ಮಲಗಿದ್ದ.”

ಅವಳು ಇನ್ನೊಂದು ಮಾಡಿದಳು. ಈ ಸಲ ರಕ್ಕಸ ಎದ್ದು ನಿಂತಿದ್ದ, ಬಾಯಿ ತೆರೆದಿದ್ದ, ಮರ ಎತ್ತಿದ್ದ. ಫಕೀರೇಶ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ.

“ಇದು ಗೆದ್ದು ನಿಂತಂಗೈತ್ರಿ,” ಎಂದು ಕೆಳಗಿಟ್ಟು ಹೊರಟುಹೋದ.

ನೀಲವ್ವನಿಗೆ ಅನ್ನ ಸೇರಲಿಲ್ಲ. ಕೆಡವಿದರೆ ತಮ್ಮನಂತೆ ಕಾಣುತ್ತದೆ. ನಿಲ್ಲಿಸಿದರೆ ತಮ್ಮನನ್ನು ತಿಂದಂತೆ ಕಾಣುತ್ತದೆ. ಇವೆರಡರ ನಡುವೆ ಮಾಡುವುದಕ್ಕೆ ಏನು ಉಳಿದಿದೆ?

ಅಜ್ಜಾರು ಮಣ್ಣಿನಿಂದ ಹರಳು ಆರಿಸುತ್ತ ಕೂತಿದ್ದರು. ಅವಳು ಎರಡನ್ನೂ ಅವರ ಮುಂದಿಟ್ಟು ಮುತ್ತುವಿನ ಕತೆ ಹೇಳಿದಳು.

“ಯಾವುದು ತಪ್ಪಾಗೈತ್ರಿ ಅಜ್ಜಾರ?”

“ಎರಡನ್ನೂ ನೆನೆ ಹಾಕು.”

“ಹಾಕತೀನ್ರಿ. ಆದ್ರ ತಪ್ಪು ಎಲ್ಲಿ ಆತು?”

“ತೊಟ್ಟಿ ಹಿತ್ತಲದಾಗ ಐತಿ.”

ಅವಳು ಎರಡನ್ನೂ ತೊಟ್ಟಿಗೆ ಬಿಟ್ಟಳು. ಒಣಮಣ್ಣು ಗುಳುಗುಳು ನೀರು ಕುಡಿಯಿತು. ಮುಳ್ಳು ಕರಗಿದವು, ಮರ ಕರಗಿತು. ಸ್ವಲ್ಪ ಹೊತ್ತಿನಲ್ಲಿ ಸತ್ತದ್ದು ಯಾವುದು, ನಿಂತದ್ದು ಯಾವುದು, ಮಾಡಿದವಳಿಗೇ ತಿಳಿಯದಾಯಿತು.

ಅಜ್ಜಾರು ಫಕೀರೇಶನಿಗೆ ಹೇಳಿಕಳಿಸಿದರು. ಅವನು ಬಂದಾಗ ಆ ಮಣ್ಣನ್ನೇ ಹದ ಮಾಡಿಸಿ, ಒಂದು ಮುದ್ದೆಯನ್ನು ಅವನ ಕೈಯಲ್ಲಿಟ್ಟರು.

“ನನಗ ಬರೂದಿಲ್ರಿ ಅಜ್ಜಾರ.”

“ನಿನ್ನ ತಮ್ಮಗ ಬರತಿತ್ತೇನು?”

“ಎಲ್ಲಿ ಬರತಿತ್ರಿ! ದಿನಾ ಸೋಲತಿದ್ದ.”

“ಸೋತು ಏನು ಮಾಡತಿದ್ದ?”

ಫಕೀರೇಶನ ಬೆರಳು ತಮ್ಮಷ್ಟಕ್ಕೆ ಮಣ್ಣು ಒತ್ತತೊಡಗಿದವು.

“ದಿಂಬು ಎತ್ತಿ ನನಗ ಒಗೀತಿದ್ದ. ಆಮ್ಯಾಲೆ, ‘ಇನ್ನೊಂದು ಸಲ ಅಣ್ಣಾ, ಇದೇ ಕಡೀದು,’ ಅಂತಿದ್ದ.”

“ಕಡೀದು ಆಗತಿತ್ತೇನು?”

“ಒಂದಿನಾನೂ ಆಗಲಿಲ್ರಿ!”

ಹಾಗೆನ್ನುತ್ತ ಅವನು ನಕ್ಕ. ನಗುವಾಗಲೇ ಕಣ್ಣೀರು ಇಳಿದು ಮಣ್ಣಿನ ಕೈ ಮುಖಕ್ಕೆ ಹೋಯಿತು. ನಗುತ್ತಿದ್ದಾನೋ ಅಳುತ್ತಿದ್ದಾನೋ, ನೀಲವ್ವನಿಗೆ ಗೊತ್ತಾಗಲಿಲ್ಲ.

ಅವನ ಕೈಯಲ್ಲಿ ಮೂಡುತ್ತಿದ್ದ ರಕ್ಕಸನ ಒಂದು ಕಾಲು ಗಿಡ್ಡ, ಒಂದು ಉದ್ದ ಆಗಿತ್ತು. ಸರಿಪಡಿಸಲು ಅವಳು ಕೈ ಚಾಚಿದಳು. ಅಜ್ಜಾರು ಆ ಕೈಗೆ ಒಂದು ಬಟ್ಟಲು ಕೊಟ್ಟರು.

“ನೀ ನೀರು ಹಿಡಿ.”

ಅವಳು ಮಧ್ಯಾಹ್ನದವರೆಗೂ ನೀರು ಹಿಡಿದಳು. ಫಕೀರೇಶ ಮುತ್ತುವಿನ ಮಾತು ಆಡುತ್ತಲೇ ಇದ್ದ. ಕೊನೆಗೆ ಎದ್ದು, “ಮುಳ್ಳು ಬಾಕಿ ಅದಾವ್ರಿ. ನಾಳೆ ಬರ್ತೀನಿ,” ಎಂದು ಕೈ ತೊಳೆದು ಹೋದ.

ನೀಲವ್ವ ಅವನು ಮಾಡಿಟ್ಟ ರಕ್ಕಸನನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದಳು. ಇಷ್ಟು ವರ್ಷ ಕಲಿತ ವಿದ್ಯೆಯಲ್ಲಿ ಇಂಥದ್ದನ್ನು ಅವಳು ಕಂಡಿರಲಿಲ್ಲ. ಮೊಣಕಾಲು ಮಡಚಿತ್ತು. ತಲೆ ಮೇಲಕ್ಕಿತ್ತು. ಬಾಯಿ ಗರ್ಜಿಸುತ್ತಿರಲಿಲ್ಲ, ಮುಚ್ಚಿಯೂ ಇರಲಿಲ್ಲ.

“ಅಜ್ಜಾರ,” ಎಂದಳು, “ನನಗೊಂದೂ ತಿಳಿಯವಲ್ದು. ಇದು ಬೀಳಾಕತ್ತೈತೋ, ಏಳಾಕತ್ತೈತೋ?”

ಅಜ್ಜಾರು ರಕ್ಕಸನ ಬೆನ್ನಿಗೆ ಬೆರಳು ತಾಗಿಸಿ ನೋಡಿದರು.

“ಇನ್ನೂ ಹಸಿ ಐತಿ. ಒದ್ದೆ ಅರಿವಿ ಹೊದಿಸಿ ಬಾ.”