ಪೈಲ್ವಾನನ ತಟ್ಟೆಯ ಅರ್ಧ ಮುದ್ದೆ

"ಅಜ್ಜಯ್ಯ, ಬುದ್ಧಿ ಚುರುಕಾಗಿದ್ದರೆ ಎದುರಿಗಿರುವವನ ಮನಸ್ಸನ್ನು ಪೂರ್ತಿ ತಿಳಿಯಬಹುದೇ?" ಎಂದು ಚನ್ನಮಲ್ಲ ಕೇಳಿದ. ಮಠದಲ್ಲಿ ತರ್ಕ ಓದುತ್ತಿದ್ದ ಶಿಷ್ಯರಲ್ಲಿ ಅವನೇ ಜಾಣ. ಅದು ಅವನಿಗೂ ಗೊತ್ತಿತ್ತು.

ಅಜ್ಜಯ್ಯನವರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ನಿನಗೆ ತಿಳಿಯುತ್ತದೆಯೇನು?" ಎಂದರು.

"ತಕ್ಕಮಟ್ಟಿಗೆ. ಪಂಕ್ತಿಯಲ್ಲಿ ಯಾರು ಯಾರ ಪಕ್ಕ ಕೂತರು ಎಂದು ನೋಡಿದರೆ ಸಾಕು, ಯಾರಿಗೆ ಯಾರಿಂದ ಏನಾಗಬೇಕಾಗಿದೆ ಎಂದು ಹೇಳಬಲ್ಲೆ."

"ಭಲೇ. ಹಾಗಾದರೆ ಈಗ ನನಗೆ ನಿನ್ನಿಂದ ಏನಾಗಬೇಕಾಗಿದೆ, ಹೇಳು."

ಚನ್ನಮಲ್ಲ ಅಜ್ಜಯ್ಯನವರ ಮುಖವನ್ನು ಓದತೊಡಗಿದ.

"ಆ ಎಣ್ಣೆ ಬಟ್ಟಲು ಇತ್ತ ಸರಿಸಬೇಕಾಗಿದೆ, ಅಷ್ಟೇ. ಸರಿಸಿ ಕೂತುಕೋ. ಒಂದು ಕತೆ ಹೇಳುತ್ತೇನೆ."

ಒಬ್ಬ ಅಧ್ಯಾಪಕ ಇದ್ದ. ನಿನ್ನ ಹಾಗೇ ತರ್ಕದವನು. ಸಣ್ಣ ಊರಿನ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಅದನ್ನೇ ಕಲಿಸಿದ. ಬರಬರುತ್ತ ತರಗತಿಯಲ್ಲಿ ಏಳು ಮಕ್ಕಳು ಉಳಿದರು. ಮುಂದಿನ ವರ್ಷ ಹತ್ತು ಮಕ್ಕಳಾದರೂ ಸೇರದಿದ್ದರೆ ಈ ವಿಷಯವನ್ನೇ ಮುಚ್ಚುತ್ತೇವೆ ಎಂದು ಕಾಲೇಜಿನವರು ಹೇಳಿಬಿಟ್ಟರು. ತರ್ಕದಿಂದ ಏನು ಪ್ರಯೋಜನ ಎಂದು ಎಲ್ಲರೂ ಕೇಳುವವರೇ. ಅವನ ಹತ್ತಿರ ಉತ್ತರ ಇತ್ತು. ಕೇಳಿಸಿಕೊಳ್ಳುವ ತಾಳ್ಮೆ ಯಾರಿಗೂ ಇರಲಿಲ್ಲ.

ಅದೇ ಹೊತ್ತಿಗೆ ಟೀವಿಯವರು ಒಂದು ಪಂದ್ಯ ಹೂಡಿದರು. ಯಾಕೆ ನಗುತ್ತೀ? ನಮ್ಮ ಅಡುಗೆಮನೆಯಲ್ಲಿ ಟೀವಿ ಇದೆ, ನಾನೂ ನೋಡುತ್ತೇನೆ. ಪಂದ್ಯ ಹೀಗೆ. ಎಂಟು ಜನರನ್ನು ಹಿನ್ನೀರಿನ ನಡುವೆ ಒಂದು ಬೋಳು ಗುಡ್ಡದ ಮೇಲೆ ಬಿಡುತ್ತಾರೆ. ದಿನಕ್ಕೆ ತಲೆಗೊಂದು ಮುದ್ದೆಯಾಗುವಷ್ಟು ರಾಗಿ ಹಿಟ್ಟು ಕೊಡುತ್ತಾರೆ. ಉಳಿದದ್ದು ಅವರವರ ಪಾಡು. ವಾರಕ್ಕೊಮ್ಮೆ ಎಲ್ಲರೂ ಸುತ್ತ ಕೂತು, ಯಾರು ಮನೆಗೆ ಹೋಗಬೇಕು, ಯಾಕೆ ಹೋಗಬೇಕು ಎಂದು ಚೀಟಿಯಲ್ಲಿ ಬರೆಯಬೇಕು. ಚೀಟಿಗಳನ್ನು ಎಲ್ಲರೆದುರು ಓದುತ್ತಾರೆ. ಹೆಚ್ಚು ಚೀಟಿ ಬಿದ್ದವನಿಗೆ ಮಾತಾಡಲು ಒಂದು ಅವಕಾಶ ಉಂಟು. ಅವನ ಮಾತು ಕೇಳಿ ಮನಸ್ಸು ಬದಲಾದವರು ತಮ್ಮ ಚೀಟಿ ಹರಿಯಬಹುದು. ಯಾರೂ ಹರಿಯದಿದ್ದರೆ ಅವನು ದೋಣಿ ಹತ್ತಬೇಕು. ಕೊನೆಗೆ ಉಳಿದವನು ಗೆದ್ದಂತೆ.

ಅಧ್ಯಾಪಕ ಅದಕ್ಕೆ ಸೇರಿದ. ತರ್ಕ ಬಲ್ಲವನು ಗೆದ್ದರೆ ಊರೆಲ್ಲ ನೋಡುತ್ತದೆ, ಮಕ್ಕಳು ತಾವಾಗಿ ಬಂದು ಸೇರುತ್ತಾರೆ ಎಂಬುದು ಅವನ ಆಸೆ. ಪಾಪ, ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಅವನಿಗೆ ಮರ ಹತ್ತಲು ಬರುತ್ತಿರಲಿಲ್ಲ, ಈಜು ಬರುತ್ತಿರಲಿಲ್ಲ, ಒಲೆ ಊದಿದರೆ ಕಣ್ಣಲ್ಲಿ ನೀರು. ಆದರೆ ಪ್ರತಿ ವಾರ ಯಾರು ಯಾರ ಹೆಸರು ಬರೆಯುತ್ತಾರೆ ಎಂಬುದು ಮಾತ್ರ ಅವನಿಗೆ ಮೊದಲೇ ಗೊತ್ತಾಗುತ್ತಿತ್ತು. ಬಲಶಾಲಿಯ ಹೆಸರನ್ನು ಹೆದರಿಕೆಯಿಂದ ಬರೆಯುತ್ತಾರೆ, ಜಗಳಗಂಟನ ಹೆಸರನ್ನು ಬೇಸರದಿಂದ ಬರೆಯುತ್ತಾರೆ, ಮೈಗಳ್ಳನ ಹೆಸರನ್ನು ಸಿಟ್ಟಿನಿಂದ ಬರೆಯುತ್ತಾರೆ. ತಾನು ಈ ಮೂರೂ ಆಗದೆ ಉಳಿದ. ನಾಲ್ಕು ವಾರದಲ್ಲಿ ನಾಲ್ವರು ಹೋದರು. ನಾಲ್ಕು ಸಲವೂ ಅವನೆಣಿಸಿದಂತೆಯೇ ಆಯಿತು.

ಉಳಿದವರು ಒಬ್ಬ ಪೈಲ್ವಾನ, ಒಬ್ಬ ಲಾರಿ ಡ್ರೈವರ್, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬ ನರ್ಸ್ ಮತ್ತು ಇವನು. ಡ್ರೈವರನೂ ನರ್ಸೂ ಪೈಲ್ವಾನನಿಗೆ ಹೆದರಿ ಅವನ ಹೆಸರನ್ನೇ ಬರೆಯುತ್ತಾರೆ ಎಂದು ಅಧ್ಯಾಪಕ ತರ್ಕಿಸಿದ. ಆದರೆ ಯಾರಾದರೂ ತಮ್ಮ ಚೀಟಿ ಹರಿದರೆ ಪೈಲ್ವಾನನ ಚೀಟಿಯೂ ಲೆಕ್ಕಕ್ಕೆ ಬರುತ್ತದೆ. ಅವನು ಯಾರ ಹೆಸರು ಬರೆಯುತ್ತಾನೋ ಅದೊಂದೇ ಅನುಮಾನ. ಅದಕ್ಕೂ ಇವನು ನಾಲ್ಕನೆಯ ವಾರದ ಚೀಟಿಗೂ ಮೊದಲೇ ಒಂದು ಉಪಾಯ ಹೂಡಿದ್ದ. ಊಟದ ಹೊತ್ತಿಗೆ ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಪೈಲ್ವಾನನ ತಟ್ಟೆಗೆ ಹಾಕುತ್ತಿದ್ದ. ಉಪ್ಪು ತಿಂದವನು ತನ್ನ ಹೆಸರು ಬರೆಯಲಾರ ಎಂಬ ಎಣಿಕೆ. ಇದನ್ನು ಯಾರಿಗೂ ಹೇಳಲಿಲ್ಲ. ಕ್ಯಾಮೆರಾದ ಮುಂದೆಯೂ ಹೇಳಲಿಲ್ಲ, ಕ್ಯಾಮೆರಾ ಹಿಡಿದವನಿಗೂ ಬಾಯಿ ಇರುತ್ತದಲ್ಲ.

"ನಿಮಗೆ ಬೇಡವೇ ಮೇಷ್ಟ್ರೇ?" ಎಂದು ಪೈಲ್ವಾನ ಮೊದಲ ದಿನ ಕೇಳಿದ್ದ.

"ನನಗೆ ಅಷ್ಟು ಹಸಿವಾಗುವುದಿಲ್ಲ. ನಿಮ್ಮ ಮೈಗೆ ಬೇಕು, ತಿನ್ನಿ" ಎಂದಿದ್ದ ಇವನು. ಆಮೇಲೆ ದಿನವೂ ಅದೇ ಮಾತು. ಹಸಿವು ಆಗುತ್ತಲೇ ಇತ್ತು. ಹೊಟ್ಟೆ ಬೆನ್ನಿಗೆ ಹತ್ತಿತು. ಎದ್ದರೆ ಕಣ್ಣು ಕತ್ತಲೆ ಬರುತ್ತಿತ್ತು. ಆದರೂ ಗೆಲ್ಲುತ್ತಿದ್ದೇನೆ ಎಂಬ ಸಮಾಧಾನ ಅವನಿಗೆ.

ಹೀಗೆ ಹನ್ನೆರಡು ದಿನ ಕಳೆಯಿತು. ಐದನೆಯ ವಾರದ ಚೀಟಿಗಳನ್ನು ತೆರೆದರು. ಒಂದರಲ್ಲಿ ಪೈಲ್ವಾನನ ಹೆಸರಿತ್ತು. ಅದು ಅಧ್ಯಾಪಕನೇ ಬರೆದದ್ದು. ನೋಡು, ಉಣ್ಣಿಸಿದ ಕೈಯೇ ಬರೆದಿತ್ತು. ಉಳಿದ ಮೂರರಲ್ಲೂ ಅಧ್ಯಾಪಕನ ಹೆಸರು. ಅವನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

ಪೈಲ್ವಾನನ ಚೀಟಿಯನ್ನು ಹೀಗೆ ಓದಿದರು: "ನಮ್ಮ ಗರಡಿಯಲ್ಲಿ ಉಸ್ತಾದರು ತಮ್ಮ ತಟ್ಟೆಯಿಂದ ಮುರಿದು ಹಾಕಿದರೆ, ಆ ಹುಡುಗ ಅವತ್ತಿನಿಂದ ಅವರ ಮಗ. ಮೇಷ್ಟ್ರು ನನಗೆ ಹನ್ನೆರಡು ದಿನ ಹಾಕಿದ್ದಾರೆ. ಅಪ್ಪನನ್ನು ಉಪವಾಸ ಕೆಡವಿ ನನಗೆ ಗೆಲ್ಲುವುದು ಬೇಡ. ಅವರು ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣಲಿ. ಉಳಿದವರಿಗೂ ನಾನೇ ಹೇಳಿ ಬರೆಸಿದ್ದೇನೆ."

ಇಂಥ ಕಾರಣಕ್ಕೂ ಒಬ್ಬನ ಹೆಸರು ಬರೆಯಬಹುದು ಎಂಬುದು ಅಧ್ಯಾಪಕನ ಪಟ್ಟಿಯಲ್ಲೇ ಇರಲಿಲ್ಲ. ಎದ್ದು ನಿಂತು, "ಇವತ್ತಿನಿಂದ ಪೂರ್ತಿ ಮುದ್ದೆ ನಾನೇ ತಿನ್ನುತ್ತೇನೆ, ನನ್ನನ್ನು ಉಳಿಸಿಕೊಳ್ಳಿ" ಎಂದ. ನರ್ಸ್ ಅವನ ನಾಡಿ ಹಿಡಿದು ನೋಡಿ ಆಗದು ಎಂದು ತಲೆಯಾಡಿಸಿದಳು. ಪೈಲ್ವಾನ ಕಣ್ಣೊರೆಸಿಕೊಂಡು, "ಹಸಿವಿಲ್ಲ ಎಂದು ದಿನಾ ಹೇಳಿದವರು ನೀವೇ ಅಲ್ಲವೇ, ಇನ್ನು ನಿಮ್ಮ ಮಾತು ನಂಬುವುದಿಲ್ಲ" ಎಂದ.

ಇನ್ನು ಒಂದೇ ಮಾತು ಉಳಿದಿತ್ತು. ನಾನು ಕೊಟ್ಟದ್ದು ಪ್ರೀತಿಯಿಂದಲ್ಲ, ನಿನ್ನ ಕೈ ಕಟ್ಟಿಹಾಕುವುದಕ್ಕೆ, ನಾನು ನಿನಗೆ ಅಪ್ಪನೂ ಅಲ್ಲ ಉಸ್ತಾದನೂ ಅಲ್ಲ ಎಂದು ಹೇಳಬೇಕಿತ್ತು. ಹೇಳಿದ್ದರೆ ಪೈಲ್ವಾನನ ಕಾರಣ ಅಲ್ಲೇ ಬಿದ್ದುಹೋಗುತ್ತಿತ್ತು. ಅವನು ಸಿಟ್ಟಿನಿಂದಲಾದರೂ ಚೀಟಿ ಹರಿಯುತ್ತಿದ್ದ, ಅವನ ಮಾತಿಗೆ ಬರೆದ ಇಬ್ಬರೂ ಹರಿಯುತ್ತಿದ್ದರು. ಅಧ್ಯಾಪಕನಿಗೆ ಇದು ಸ್ಪಷ್ಟವಾಗಿ ಕಾಣುತ್ತಿತ್ತು. ಇಪ್ಪತ್ತು ವರ್ಷದ ಪಾಠವೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ಅವನು ಬಾಯಿ ತೆರೆದ. ಪೈಲ್ವಾನನ ಮುಖ ನೋಡಿದ. ಬಾಯಿ ಮುಚ್ಚಿಕೊಂಡು ಕೈ ಮುಗಿದ.

ಕಾಲಲ್ಲಿ ತ್ರಾಣ ಇರಲಿಲ್ಲ. ಪೈಲ್ವಾನನೇ ಅವನನ್ನು ಎತ್ತಿಕೊಂಡು ಹೋಗಿ ದೋಣಿಯಲ್ಲಿ ಕೂರಿಸಿದ.

ಅಜ್ಜಯ್ಯನವರು ಮತ್ತೆ ಮಂಡಿ ತಿಕ್ಕತೊಡಗಿದರು. ಚನ್ನಮಲ್ಲ ಕೇಳಿದ: "ಕಾಲೇಜಿನಲ್ಲಿ ಆ ವಿಷಯ ಏನಾಯಿತು?"

"ನಾಲ್ಕು ಮಕ್ಕಳು ಸೇರಿದರು. ಮುಚ್ಚಿದರು. ಆ ವರ್ಷ ಅವನು ಇಲ್ಲಿಗೆ ಬಂದು, ನೀನು ಕೂತಲ್ಲೇ ಕೂತು ಇದನ್ನೆಲ್ಲ ಹೇಳಿ ಅತ್ತ. ನನಗೂ ಸಂಕಟವಾಯಿತು."

ಚನ್ನಮಲ್ಲ ಸುಮ್ಮನೆ ಬಿಡುವವನಲ್ಲ. "ಅವನು ಅಳಬೇಕಾದದ್ದೇ, ಅಜ್ಜಯ್ಯ. ಪಂದ್ಯವೂ ಹೋಯಿತು, ವಿದ್ಯೆಯೂ ಹೋಯಿತು. ಅದರ ಮೇಲೆ ಪೈಲ್ವಾನನಿಗೆ ಒಂದು ಸುಳ್ಳನ್ನು ಉಳಿಸಿ ಬಂದ. ಆ ಮುದ್ದೆ ಪ್ರೀತಿಯಿಂದ ಕೊಟ್ಟದ್ದಲ್ಲವಲ್ಲ."

ಅಜ್ಜಯ್ಯನವರು ಎಣ್ಣೆ ಬಟ್ಟಲನ್ನು ಪಕ್ಕಕ್ಕಿಟ್ಟರು.

"ಅವನು ಆ ಮುದ್ದೆಯನ್ನು ನಿಜವಾಗಿ ಕೊಟ್ಟದ್ದೇ ಬಾಯಿ ಮುಚ್ಚಿಕೊಂಡ ಆ ಹೊತ್ತಿನಲ್ಲಿ, ಚನ್ನಮಲ್ಲ."