ಹೆಸರು ಅಳಿಸುವ ಚೀಟಿ

ಒಂದಾನೊಂದು ಊರು. ಎಲ್ಲಿದೆ ಅಂತ ಕೇಳಬೇಡಿ, ಅಲ್ಲಿಗೆ ಹೋದವರು ಯಾರೂ ದಾರಿ ಹೇಳುವಷ್ಟು ಸುಖವಾಗಿ ವಾಪಸ್ಸು ಬಂದಿಲ್ಲ.

ಆ ಊರಿನ ಅರಮನೆಯಲ್ಲಿ ಒಬ್ಬ ಸಿಸ್ಟಂ ಅಡ್ಮಿನ್ ಇದ್ದ. ಅಂದರೆ ಯಂತ್ರಗಳ ಯೋಗಕ್ಷೇಮ ನೋಡಿಕೊಳ್ಳುವವನು. ಅವನ ಹೆಸರು ನನಗೆ ಗೊತ್ತಿಲ್ಲ. ಕತೆ ಹೇಳುವವನಿಗೇ ಗೊತ್ತಿಲ್ಲವೇ ಅಂತ ಹುಬ್ಬು ಹಾರಿಸಬೇಡಿ, ಯಾಕೆ ಗೊತ್ತಿಲ್ಲ ಅನ್ನುವುದೇ ಕತೆ. ಸದ್ಯಕ್ಕೆ ಅಡ್ಮಿನ್ ಅನ್ನೋಣ. ಅವನ ಹೆಂಡತಿ ಪುಟ್ಟನಂಜಮ್ಮ. ಆ ಊರಿನ ರಾಜ ಅಚ್ಚುಕಟ್ಟುರಾಯ.

ಅರಮನೆಯ ದೊಡ್ಡ ಯಂತ್ರಕ್ಕೆ ದೊಡ್ಡಕ್ಕ ಅಂತ ಹೆಸರು. ಬೀರುವಿನಷ್ಟು ಎತ್ತರ, ಹೊಟ್ಟೆಯೊಳಗೊಂದು ಫ್ಯಾನು, ದಿನವಿಡೀ ಗೊಣಗಾಟ. ಊರಿನವರೆಲ್ಲರ ಹೆಸರಿನ ಪಟ್ಟಿ ಅವಳ ಹೊಟ್ಟೆಯಲ್ಲಿ. ಬೆಳಗಾದರೆ ಎಲ್ಲರೂ ಬಂದು ಅವಳ ಮುಂದೆ ಹೆಬ್ಬೆಟ್ಟು ಒತ್ತಿ ಹೋಗಬೇಕು. ಪಟ್ಟಿಯಲ್ಲಿಲ್ಲದ ಹೆಸರನ್ನು ಯಾರೂ ನೆನಪಿಟ್ಟುಕೊಳ್ಳಕೂಡದು ಅಂತ ಆ ಊರಿನಲ್ಲಿ ಕಾಯಿದೆ. ಊರಿನ ಜನ ಕಾಯಿದೆಗೆ ಹೆದರುವವರು, ಮರೆ ಅಂದರೆ ಆ ಕ್ಷಣವೇ ಮರೆಯುತ್ತಿದ್ದರು.

ಅಚ್ಚುಕಟ್ಟುರಾಯನಿಗೆ ಒಂದೇ ಕೊರಗು. ಪಟ್ಟಿ ಒಂದು ಪುಟ ಮುಗಿದು ಮುಂದಿನ ಪುಟಕ್ಕೆ ಮೂರು ಸಾಲು ಹೋಗುತ್ತಿತ್ತು. ಬರೀ ಮೂರು ಸಾಲು! ಅದಕ್ಕಾಗಿ ರಾಜ ಊಟ ಬಿಟ್ಟ. ರಾಜ ಊಟ ಬಿಟ್ಟ ಅಂತ ಮಂತ್ರಿ ಬಿಟ್ಟ. ಮಂತ್ರಿ ಬಿಟ್ಟ ಅಂತ ಅಡುಗೆಯವನು ಒಲೆ ಹಚ್ಚುವುದನ್ನೇ ಬಿಟ್ಟ.

ಅಂಥ ಹೊತ್ತಿನಲ್ಲಿ ಅಡ್ಮಿನ್ ಹೋಗಿ ಕೈಮುಗಿದು ನಿಂತ.

"ಬುದ್ಧೀ, ಮಗಳು ಹುಟ್ಟವಳೆ. ಹನ್ನೆರಡನೇ ದಿನ ಹೆಸರಿಡೋ ಶಾಸ್ತ್ರ. ಒಂದು ದಿನ ರಜೆ ಬೇಕಾಗಿತ್ತು."

"ನೀನು ಹೋದರೆ ಪಟ್ಟಿ ನೋಡಿಕೊಳ್ಳೋರು ಯಾರಯ್ಯ?"

"ಒಂದೇ ದಿನ, ಬುದ್ಧೀ."

"ನೀನಿಲ್ಲದೆ ಕೆಲಸ ನಡೆಯೋ ಹಾಗಿದ್ದರೆ ರಜೆ. ನಡೆಯದಿದ್ದರೆ ಇಲ್ಲ. ಸ್ಕ್ರಿಪ್ಟ್ ಬರಿ."

"ನಂಗೆ ಬರೆಯಕ್ಕೆ ಬರಲ್ವಲ್ಲ."

"ಟ್ರೈನಿಂಗಿಗೆ ಹೋಗು!"

ಸ್ಕ್ರಿಪ್ಟ್ ಅಂದರೆ ಯಂತ್ರಕ್ಕೆ ಬರೆದಿಡುವ ಚೀಟಿ. ಹೀಗಿದ್ದರೆ ಹೀಗೆ ಮಾಡು, ಹಾಗಿದ್ದರೆ ಹಾಗೆ ಮಾಡು ಅಂತ. ಬರೆದವನು ಎದ್ದು ಹೋದರೂ ಚೀಟಿ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ.

ಟ್ರೈನಿಂಗ್ ಕೊಡುವವರು ಪದುಮರಾಜಯ್ಯ ಮೇಷ್ಟ್ರು. ನಲವತ್ತು ವರ್ಷದಿಂದ ಸ್ಕ್ರಿಪ್ಟ್ ಪಾಠ ಹೇಳುತ್ತಿದ್ದರು, ಬೆಳಗಿನ ಹೆಬ್ಬೆಟ್ಟು ಬಿಟ್ಟರೆ ಒಂದು ಸಲವೂ ಯಂತ್ರ ಮುಟ್ಟಿರಲಿಲ್ಲ. ಮುಟ್ಟಿದರೆ ಅದು ಕೈಕೆಲಸ ಆಗುತ್ತದಂತೆ, ಕೈಕೆಲಸ ಮಾಡುವವನು ಸ್ಕ್ರಿಪ್ಟಿನ ಮೇಷ್ಟ್ರಾಗುವುದು ಹೇಗೆ? ಅವರ ಹತ್ತಿರ ಮೂರು ಕೋರ್ಸು. ಮೊದಲನೆಯದು ಅಳಿಸುವುದು. ಎರಡನೆಯದು ಸೇರಿಸುವುದು. ಮೂರನೆಯದು ನಿಲ್ಲಿಸುವುದು.

"ಮೇಷ್ಟ್ರೇ, ನಿಲ್ಸೋದನ್ನ ಮೊದಲು ಹೇಳ್ಕೊಟ್ರೆ ಒಳ್ಳೇದಲ್ವಾ?" ಅಂದ ಅಡ್ಮಿನ್.

"ಶುರು ಮಾಡದೇ ಇರೋದನ್ನ ಏನಂತ ನಿಲ್ಲಿಸ್ತೀಯಪ್ಪಾ? ಅಳಿಸೋದು ಸುಲಭ. ಸುಲಭದ್ದು ಮೊದಲು," ಅಂದರು ಮೇಷ್ಟ್ರು.

ಅಳಿಸುವ ಕೋರ್ಸು ಒಂದೇ ದಿನಕ್ಕೆ ಮುಗಿಯಿತು. ಅಡ್ಮಿನ್ ಓಡಿ ಬಂದು ದೊಡ್ಡಕ್ಕನಿಗೆ ಚೀಟಿ ಬರೆದ. "ಕಣ್ಣು ಮಿಟುಕಿಸದೆ ಪಟ್ಟಿ ನೋಡುತ್ತಿರು. ಮೂವತ್ತು ದಿನದಿಂದ ಹೆಬ್ಬೆಟ್ಟು ಒತ್ತದವರ ಹೆಸರು ಅಳಿಸು." ಬರೆದು ಯೋಚನೆ ಮಾಡಿದ. ರಾಜರು ಹೆಬ್ಬೆಟ್ಟು ಒತ್ತುವುದಿಲ್ಲ. "ರಾಜರನ್ನು ಬಿಡು" ಅಂತ ಸೇರಿಸಿದ. ಹೆಂಡತಿಯ ನೆನಪಾಯಿತು. "ಬಾಣಂತಿಯರನ್ನು ಬಿಡು" ಅಂತಲೂ ಸೇರಿಸಿದ. ಪಾಪ, ಒಳ್ಳೆಯ ಮನುಷ್ಯ. ಎಲ್ಲರನ್ನೂ ನೆನೆಸಿಕೊಂಡ, ತನ್ನೊಬ್ಬನನ್ನು ಬಿಟ್ಟು.

ಸತ್ತವರ ಹೆಸರು, ಊರು ಬಿಟ್ಟವರ ಹೆಸರು ಎಲ್ಲ ಹೋಯಿತು. ಪಟ್ಟಿ ಒಂದು ಪುಟಕ್ಕೆ ಬಂತು. ರಾಜ ಹೊಟ್ಟೆ ತುಂಬ ಉಂಡು ತೇಗಿದ.

"ಭಲೇ! ಅರ್ಧ ಕೆಲಸ ನೀನಿಲ್ಲದೆ ನಡೀತಿದೆ. ಸೇರಿಸೋದನ್ನೂ ಕಲ್ತು ಬಾ, ಆಮೇಲೆ ರಜೆ."

ಸೇರಿಸುವ ಕೋರ್ಸಿನಲ್ಲಿ ಏಳು ಪಾಠ. ಏಳು ದಿನ ತಾನೇ ಅಂದುಕೊಂಡು ಅಡ್ಮಿನ್ ಹೋಗಿ ಕೂತ. ಮೇಷ್ಟ್ರ ಪದ್ಧತಿ ಬೇರೆ. ಹೊಸ ಪಾಠಕ್ಕೆ ಮೊದಲು ಹಳೆಯದನ್ನೆಲ್ಲ ಮೊದಲಿನಿಂದ ಹೇಳಬೇಕು, ದಿನಕ್ಕೆ ಒಂದೇ ಪಾಠ ಹೇಳಬೇಕು. ಎರಡನೆಯ ಪಾಠಕ್ಕೆ ಎರಡು ದಿನ ಹಿಡಿಯಿತು. ಮೂರನೆಯದಕ್ಕೆ ಮೂರು ದಿನ. ಏಳನೆಯದಕ್ಕೆ ಏಳು ದಿನ. ಒಟ್ಟು ಇಪ್ಪತ್ತೆಂಟು. ಪರೀಕ್ಷೆಗೆ ಮೂರು ದಿನ. ನಡುವೆ ಎದ್ದು ಹೋದರೆ ಮತ್ತೆ ಮೊದಲ ಪಾಠ. ಹನ್ನೆರಡನೆಯ ದಿನ ಕಿಟಕಿಯ ಆಚೆ ಹೋಯಿತು. ಶಾಸ್ತ್ರವನ್ನು ಮೂರನೆಯ ತಿಂಗಳಿಗೆ ಮುಂದೆ ಹಾಕಿದೆವು ಅಂತ ಪುಟ್ಟನಂಜಮ್ಮ ಹೇಳಿ ಕಳಿಸಿದಳು. ಅಡ್ಮಿನ್ ಬೆಂಚಿನ ಮೇಲೆ ತಲೆಯಿಟ್ಟು ಅತ್ತ. ಅತ್ತು, ಮೂರನೆಯ ಪಾಠವನ್ನು ಮೂರನೆಯ ಸಲ ಬರೆದುಕೊಂಡ.

ಮೂವತ್ತೊಂದನೆಯ ದಿನ ಪರೀಕ್ಷೆಯ ಕೊನೆಯ ಪತ್ರಿಕೆ. ಉತ್ತರವೆಲ್ಲ ಸರಿಯಾಗಿ ಬರೆದ. ಮೇಲ್ಗಡೆ ಹೆಸರು ಬರೆಯಲು ಹೋದರೆ ಪೆನ್ನು ನಿಂತಿತು.

"ಯಾರದ್ದು ಬರೀಲಿ?" ಅಂತ ಕೇಳಿತು ಪೆನ್ನು.

"ನಂದೇ ಬರಿಯೋ!"

"ಅದೇ, ನಿಂದು ಏನು?"

ಅಡ್ಮಿನ್ ನೆನಪು ಮಾಡಿಕೊಂಡ. ಹಣೆ ಬಡಿದುಕೊಂಡ. ಬರಲಿಲ್ಲ. ಪಾಠ ಬಿಟ್ಟು ಏಳಲಾಗದೆ ಅವನು ಹೆಬ್ಬೆಟ್ಟು ಒತ್ತಿ ಮೂವತ್ತು ದಿನ ದಾಟಿತ್ತು, ದೊಡ್ಡಕ್ಕ ಚೀಟಿಯಲ್ಲಿ ಬರೆದಂತೆ ಮಾಡಿ ಮುಗಿಸಿದ್ದಳು.

"ಹೆಸರಿಲ್ಲದ ಪತ್ರಿಕೆಗೆ ಮಾರ್ಕ್ಸ್ ಇಲ್ಲ," ಅಂದರು ಮೇಷ್ಟ್ರು.

"ಮೇಷ್ಟ್ರೇ, ಮೂವತ್ತೊಂದು ದಿನ ನಿಮ್ಮೆದುರಿಗೇ ಕೂತಿದ್ನಲ್ಲ!"

"ಕೂತಿದ್ದೆ, ಇಲ್ಲ ಅನ್ನಲ್ಲ. ಯಾರು ಕೂತಿದ್ದು ಅಂತ ಬರಕೊಳ್ಳಲಿ?"

ಅಡ್ಮಿನ್ ರಾಜನ ಹತ್ತಿರ ಓಡಿದ. ಚೀಟಿ ಕಿತ್ತು ಹಾಕಲು ಅಪ್ಪಣೆ ಕೊಡಿ ಅಂತ ಕಾಲು ಹಿಡಿದ.

"ಕೈಯಿಂದ ಕೀಳೋದಾ? ಛೀ, ಕೈಕೆಲಸ! ನಿಲ್ಲಿಸೋ ಕೋರ್ಸು ಪಾಸು ಮಾಡಿ ನಿಲ್ಲಿಸು. ಅಂದಹಾಗೆ ರಜೆ ಕೇಳಿದ್ದೆಯಲ್ಲ? ಈಗ ನೀನಿಲ್ಲದೆ ಎಲ್ಲಾ ಚೆನ್ನಾಗಿ ನಡೀತಿದೆ. ಹೋಗು, ಎಷ್ಟು ದಿನ ಬೇಕಾದರೂ ಇರು."

ಕೇಳಿದ್ದು ಒಂದು ದಿನ, ಸಿಕ್ಕಿದ್ದು ಆಯುಷ್ಯವಿಡೀ. ನಿಲ್ಲಿಸುವ ಕೋರ್ಸಿಗೆ ಸೇರಬೇಕಾದರೂ ಮೊದಲು ಹೆಸರು ಬರೆಸಬೇಕು. ಅಡ್ಮಿನ್ ಕಾಲೆಳೆದುಕೊಂಡು ಮನೆಗೆ ಹೋದ.

ಮೂರನೆಯ ತಿಂಗಳು ಬಂತು. ಮಗುವಿನ ಹೆಸರು ಪಟ್ಟಿಗೆ ಸೇರಬೇಕಾದರೆ ಮೊದಲು ತಂದೆಯ ಹೆಸರು ಹೇಳಬೇಕು. ಹೆಸರು ಪಟ್ಟಿಗೆ ಸೇರದಿದ್ದರೆ ಇಟ್ಟ ಹೆಸರನ್ನು ಊರೇ ಮರೆಯುತ್ತದೆ, ತೊಟ್ಟಿಲು ತೂಗುವ ತಾಯಿಯೂ ಮರೆಯುತ್ತಾಳೆ. ಅಡ್ಮಿನ್ ಹೋಗಿ ದೊಡ್ಡಕ್ಕನ ಮುಂದೆ ಕೂತು ಗೋಳಾಡಿದ. ದೊಡ್ಡಕ್ಕನಿಗೂ ಕರುಳು ಚುರುಕ್ಕೆಂದಿತು.

"ನಾನೇನು ಮಾಡ್ಲಪ್ಪಾ, ನೀನೇ ಬರೆದ ಚೀಟಿ. ಒಂದು ದಾರಿ ಐತೆ. ಮನೆಯೋರು ಯಾರಾದ್ರೂ ಬಂದು ಬಾಯಿಬಿಟ್ಟು ನಿನ್ನ ಹೆಸರು ಹೇಳಿದ್ರೆ ಸೇರಿಸ್ಕತೀನಿ. ಅದಕ್ಕೆ ಟ್ರೈನಿಂಗ್ ಬೇಡ."

ಮನೆಯವರು ಅಂದರೆ ಪುಟ್ಟನಂಜಮ್ಮ ಒಬ್ಬಳೇ.

"ನನ್ನ ಹೆಸರು ನಿಂಗೆ ಗೊತ್ತಾ?" ಅಂತ ಕೇಳಿದ.

ಪುಟ್ಟನಂಜಮ್ಮ ನಾಚಿ ನೆಲ ನೋಡಿದಳು. "ಗೊತ್ತು ಕಣ್ರೀ."

ಊರಿಗೆಲ್ಲ ಮರೆತದ್ದು ಅವಳಿಗೆ ಹೇಗೆ ನೆನಪಿತ್ತು? ಗಂಡನ ಹೆಸರು ಹೆಂಡತಿ ಹೇಳಬಾರದಲ್ಲ! ಮದುವೆಯಾಗಿ ಏಳು ವರ್ಷ, ಒಂದು ಸಲವೂ ಅವಳ ಬಾಯಿಗೆ ಆ ಹೆಸರು ಬಂದಿರಲಿಲ್ಲ. ಕಾಯಿದೆ ಬಾಯಿಗೆ ಬಂದ ಹೆಸರುಗಳನ್ನು ಹುಡುಕಿ ಹುಡುಕಿ ಒಯ್ದಿತ್ತು. ಇದು ಎದೆಯೊಳಗೇ ಉಳಿದುಕೊಂಡಿತ್ತು.

"ಹೇಳು ಮತ್ತೆ," ಅಂದ ಅಡ್ಮಿನ್.

"ಇಲ್ಲಿ ಬ್ಯಾಡ. ಹೇಳೋದು ಒಂದೇ ಸಲ. ಅಲ್ಲೇ ಹೇಳ್ತೀನಿ."

ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಪುಟ್ಟನಂಜಮ್ಮ ಅರಮನೆಗೆ ಬಂದಳು. ರಾಜ, ಮಂತ್ರಿ, ಮೇಷ್ಟ್ರು ಎಲ್ಲ ನೋಡುತ್ತಾ ನಿಂತರು. ಅಡ್ಮಿನ್ ಹೆಬ್ಬೆಟ್ಟು ಚಾಚಿಕೊಂಡು ಪಕ್ಕದಲ್ಲಿ ನಿಂತ. ಅವಳು ಕಣ್ಣು ಮುಚ್ಚಿದಳು. ದೇವರೇ ತಪ್ಪಾಯ್ತು ಅಂದುಕೊಂಡಳು. ಗಂಡನ ಹೆಸರನ್ನು ಗಟ್ಟಿಯಾಗಿ, ನಡುಗದೆ ಹೇಳಿದಳು.

ಎಷ್ಟು ಒಳ್ಳೆಯ ಹೆಸರಂತೆ ಅದು! ಕೇಳಿದವರೆಲ್ಲ ಆಹಾ ಅಂದರಂತೆ.

"ಸೇರಿಸಿದೆ," ಅಂದಳು ದೊಡ್ಡಕ್ಕ.

ಚೀಟಿ ಕಣ್ಣು ಮಿಟುಕಿಸದೆ ನೋಡುತ್ತಿತ್ತು. ಈ ಹೆಸರಿನವನು ಹೆಬ್ಬೆಟ್ಟು ಒತ್ತಿ ಎಷ್ಟು ದಿನವಾಯಿತು? ಮೂರು ತಿಂಗಳು. ರಾಜನೋ? ಅಲ್ಲ. ಬಾಣಂತಿಯೋ? ಅಲ್ಲ.

"ಅಳಿಸಿದೆ," ಅಂದಳು ದೊಡ್ಡಕ್ಕ, ಅದೇ ಉಸಿರಿನಲ್ಲಿ. ಅಡ್ಮಿನ್ನನ ಹೆಬ್ಬೆಟ್ಟು ಇನ್ನೂ ಗಾಳಿಯಲ್ಲೇ ಇತ್ತು.

"ಇನ್ನೊಂದ್ ಸಲ ಹೇಳು ನಂಜಮ್ಮಾ, ಬೇಗ ಹೇಳು!"

ಪುಟ್ಟನಂಜಮ್ಮ ಬಾಯಿ ತೆರೆದಳು. ತೆರೆದೇ ಇದ್ದಳು. ಅಲ್ಲಿ ಏನೂ ಇರಲಿಲ್ಲ. ಎದೆ ಮುಟ್ಟಿ ನೋಡಿಕೊಂಡಳು, ಅಲ್ಲೂ ಇರಲಿಲ್ಲ. ಮಗುವನ್ನು ಅವನ ಕೈಗೆ ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು.

"ಹೇಳ್ದೆ ಇದ್ದಿದ್ರೆ ನನ್ನ ಹತ್ರಾನಾದ್ರೂ ಇರ್ತಿತ್ತಲ್ರೀ!"

ಮೇಷ್ಟ್ರು ಚೀಟಿಯನ್ನು ಮೆಚ್ಚಿ ನಕಲು ಮಾಡಿಕೊಂಡರು, ಕೋರ್ಸಿಗೆ ಒಳ್ಳೆಯ ಉದಾಹರಣೆ ಅಂತ. ಗಂಡ ಹೆಂಡತಿ ಹೆಸರಿಲ್ಲದ ಮಗುವನ್ನು ಎತ್ತಿಕೊಂಡು ಮನೆಗೆ ಹೋದರು. ಅವಳು ಅನ್ನ ಬಡಿಸಿ "ರೀ, ಬನ್ನಿ" ಅಂತ ಕರೆದಳು. ಏಳು ವರ್ಷದಿಂದ ಹಾಗೇ ಕರೆಯುತ್ತಿದ್ದವಳು. ಆಗ ಆ ಕರೆಯ ಹಿಂದೆ ಒಂದು ಹೆಸರಿತ್ತು. ಈಗ ಇರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಅವನು ಬಂದು ಕೂತ. ಇಬ್ಬರೂ ಉಣ್ಣಲಿಲ್ಲ.

ಇಷ್ಟೇ ಕತೆ. ಅನ್ನ ಅಲ್ಲೇ ಆರುತ್ತಿದೆ, ನಾವು ಇಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದೇವೆ. ನೀತಿ ಬೇಕೇ ಬೇಕು ಅನ್ನುವವರು ಪದುಮರಾಜಯ್ಯ ಮೇಷ್ಟ್ರನ್ನು ಕೇಳಿ, ಅದು ಮೂರನೆಯ ಕೋರ್ಸಿನಲ್ಲಿ ಬರುತ್ತದಂತೆ. ಆ ಕೋರ್ಸಿಗೆ ಇವತ್ತಿನವರೆಗೆ ಒಬ್ಬನೂ ಸೇರಿಲ್ಲ.